ಕನ್ನಡಿಯಲ್ಲಿ ಕದ್ದ ಹಾಡು

ಬೀದಿ ತಿರುವಿನ ಕಟಿಂಗ್ ಶಾಪಿನ ಯಜಮಾನನಿಗೆ ಹೊಟ್ಟೆಕಿಚ್ಚು ಮೊದಲಿನಿಂದ ಇದ್ದ ಕಾಯಿಲೆಯಲ್ಲ. ಎದುರು ಸಾಲಿನಲ್ಲಿ ಎ.ಸಿ. ಹಾಕಿದ ಹೊಸ ಸಲೂನು ಬಂದಾಗಲೂ, “ಬರಲಿ ಬಿಡಿ, ತಲೆಗಳಿಗೇನು ಬರಗಾಲವಾ?” ಎಂದು ನಕ್ಕವನು. ಅಂಥವನ ಹೊಟ್ಟೆಗೆ ಬೆಂಕಿ ಬಿದ್ದದ್ದು ಹೆಂಡತಿಯ ತಮ್ಮನಿಂದ, ಆ ತಮ್ಮನ ಗಿಟಾರಿನಿಂದ.

ಬಾಮೈದನದು ಕರೆಂಟ್ ಮೀಟರ್ ಓದುವ ಕೆಲಸ. ಬಾಡಿಗೆ ರೂಮಿನಲ್ಲಿ ನುಡಿಸಿದರೆ ಮಾಲೀಕರು ಬೈಯುತ್ತಾರೆಂದು ಗಿಟಾರನ್ನು ಭಾವನ ಶಾಪಿನ ಮೂಲೆಯಲ್ಲೇ ಇಟ್ಟಿದ್ದ. ಸಂಜೆ ಬಂದು, ಗಿರಾಕಿಗಳು ಕಾಯುವ ಬೆಂಚಿನ ಮೇಲೆ ಕೂತು ಎತ್ತಿಕೊಳ್ಳುತ್ತಿದ್ದ. ಹೆಚ್ಚಾಗಿ ನುಡಿಸುತ್ತಿದ್ದುದು ಒಂದೇ ಹಾಡು. ಹೊಳೆ ದಾಟಿ ಹೋದ ದೋಣಿಯವನನ್ನು ಕಾಯುತ್ತ ಕೂತವಳ ಕತೆ, ಅಜ್ಜಂದಿರ ಕಾಲದ್ದು. ಕೇಳಲು ಸಲೀಸು, ನುಡಿಸಲು ಹೋದರೆ ಬೆರಳು ಮುರಿಯಬೇಕು.

ಹಾಡು ಶುರುವಾದೊಡನೆ ಶಾಪಿನ ಹಿಂಬಾಗಿಲು ತೆರೆಯುತ್ತಿತ್ತು. ಅದರಾಚೆಗೇ ಮನೆ. ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಹೊಸ್ತಿಲಲ್ಲಿ ನಿಂತು, ಬಾಗಿಲಿಗೆ ತಲೆಯಾನಿಸಿ, ಹಾಡು ಮುಗಿಯುವ ತನಕ ಅಲುಗದೆ ಕೇಳುತ್ತಿದ್ದಳು. ಆ ಮುಖವನ್ನು ಯಜಮಾನ ಕನ್ನಡಿಯಲ್ಲಿ ನೋಡುತ್ತಿದ್ದ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ತನ್ನ ಯಾವ ಮಾತಿಗೂ ಅವಳು ಹಾಗೆ ಮೈಮರೆತು ನಿಂತದ್ದಿಲ್ಲ. ಒಂದೇ ಒಂದು ಸಲ ಅವಳು ತನಗಾಗಿ ಆ ಹೊಸ್ತಿಲಿಗೆ ಬಂದು ನಿಲ್ಲಬೇಕು. ಆತನಿಗೆ ಬೇಕಾದ್ದು ಅಷ್ಟೇ.

ನಾಚಿಕೆ ಬಿಟ್ಟು ಕಲಿಸಲು ಕೇಳಿಯೂ ನೋಡಿದ. ಬಾಮೈದ ಎದುರು ಕೂತು ತೋರಿಸಿದ. ಆದರೆ ದಿನವಿಡೀ ಕನ್ನಡಿ ನೋಡಿ ಕೆಲಸ ಮಾಡುವವನಿಗೆ ಎದುರು ಕೂತವನ ಎಡವೂ ಬಲವೂ ಅದಲುಬದಲು. ಗಿಟಾರನ್ನು ತಿರುಗಾ ಮುರುಗಾ ಹಿಡಿದು ಟೊಂಯ್ ಎನ್ನಿಸಿದ.

“ಭಾವ, ನಿಮ್ಮ ಕೈಗೆ ಕತ್ತರಿನೇ ಚೆಂದ ಬಿಡಿ,” ಅಂದ ಬಾಮೈದ.

ಹೊಸ್ತಿಲಲ್ಲಿದ್ದ ಹೆಂಡತಿ ಕಿಸಕ್ಕನೆ ನಕ್ಕಳು. ಅವನು ಆಡಿದ್ದು ಹಾಳಾಗಲಿ, ಇವಳು ತಮ್ಮನ ಜೊತೆ ಸೇರಿ ನಕ್ಕಳಲ್ಲ, ಅದು ಯಜಮಾನನಿಗೆ ಚುರುಕ್ಕೆಂದಿತು. ಇನ್ನು ಸತ್ತರೂ ಇವನನ್ನು ಕೇಳುವುದಿಲ್ಲ ಎಂದುಕೊಂಡ.

ಕೇಳದಿದ್ದರೇನು, ಕನ್ನಡಿಯಿತ್ತಲ್ಲ! ಗಿರಾಕಿಯ ತಲೆ ಹಿಡಿದು ನಿಂತರೆ ಹಿಂದಿನ ಬೆಂಚು ಪೂರ್ತಿ ಕಾಣುತ್ತಿತ್ತು. ಕನ್ನಡಿಯೊಳಗೆ ಬಾಮೈದನ ಎಡಗೈ ತನ್ನ ಎಡಗೈಯ ಕಡೆಗೇ ಇರುತ್ತಿದ್ದರಿಂದ ಗೊಂದಲವೇ ಇಲ್ಲ. ಯಾವ ಬೆರಳು ಯಾವ ತಂತಿಗೆ ಹೋಗುತ್ತದೆ, ಎಲ್ಲಿ ಜಾರುತ್ತದೆ, ಎಲ್ಲಾ ತುಟಿಪಿಟಕ್ಕೆನ್ನದೆ ಕದ್ದ. ಕದಿಯುವ ಭರದಲ್ಲಿ ಒಬ್ಬ ಮೇಷ್ಟ್ರಿಗೆ ಒಂದು ಕಿವಿಯ ಮೇಲಿನ ಕೂದಲು ಪೂರಾ ಹೋಯಿತು. “ಈಗ ಇದೇ ನಡೀತಿರೋದು ಸಾರ್,” ಎಂದು ಸಮಾಧಾನ ಹೇಳಿ ಕಳಿಸಿದ.

ಶಾಪಿಗೆ ವಾರದ ರಜೆ ಇದ್ದ ದಿನ, ಹೆಂಡತಿ ತಾನು ದುಡಿಯುವ ಔಷಧಿ ಅಂಗಡಿಗೆ ಹೋದ ಮೇಲೆ, ಷಟರ್ ಎಳೆದುಕೊಂಡು ಅದೇ ಗಿಟಾರಿನ ಮೇಲೆ ಕೈ ತಿದ್ದುತ್ತಿದ್ದ. ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದು, ಒಡೆದು, ಚರ್ಮ ಗಟ್ಟಿಯಾಯಿತು. ಹಾಡಿನಲ್ಲಿ ದೋಣಿ ಕಣ್ಮರೆಯಾಗುವ ಜಾಗಕ್ಕೆ ಬಂದರೆ ಬಾಮೈದ ತಂತಿ ಬಿಟ್ಟು ಗಿಟಾರಿನ ಮರಕ್ಕೆ ಟಕ್ ಟಕ್ ಎಂದು ತಟ್ಟುತ್ತಿದ್ದ. ದೋಣಿಗೆ ಹುಟ್ಟು ತಗಲುವ ಸದ್ದಿರಬೇಕು, ಎಂಥಾ ಚೆಂದ, ಎಂದುಕೊಂಡು ಯಜಮಾನ ಅದನ್ನೂ ಚಾಚೂ ತಪ್ಪದೆ ಕಲಿತ.

ಒಂದು ಸಂಜೆ ಬಾಮೈದ ಬರುವ ಮೊದಲೇ ಶಾಪು ಖಾಲಿಯಾಯಿತು. ಒಳಗೆ ಹೆಂಡತಿಯ ಪಾತ್ರೆ ಸದ್ದು. ಯಜಮಾನ ಬೆಂಚಿನ ಮೇಲೆ ಕೂತು, ಗಿಟಾರ್ ಎತ್ತಿಕೊಂಡು ಶುರುಮಾಡಿದ. ಒಂದು ತಪ್ಪಿಲ್ಲ! ಪಾತ್ರೆ ಸದ್ದು ನಿಂತಿತು. ಟಕ್ ಟಕ್ ತಟ್ಟಿದ. ಹಿಂಬಾಗಿಲು ತೆರೆಯಿತು. ಯಜಮಾನ ಹಿಗ್ಗಿ ಹೀರೇಕಾಯಿಯಾದ.

“ಪುಟ್ಟಾ, ಇವತ್ತು ಬೇಗ ಬಂದ್ಬಿಟ್ಯಲ್ಲೋ,” ಎನ್ನುತ್ತ ಅವಳು ಬಂದಳು. ಕೈಯಲ್ಲಿ ತಮ್ಮನಿಗೆಂದು ತಂದ ಟೀ ಲೋಟ.

ಯಜಮಾನ ಇಂಗು ತಿಂದ ಮಂಗನಂತೆ ಕೂತ. ಇಷ್ಟು ದಿನ ಬೆರಳು ಸವೆಸಿ ಬಾಮೈದನನ್ನೇ ಇನ್ನೊಂದು ಸಲ ಕರೆತಂದು ಕೂರಿಸಿದಂತಾಗಿತ್ತು.

“ಅಯ್ಯೋ, ನೀವಾ ರೀ! ಥೇಟ್ ಅವನ ಥರಾನೇ ಇತ್ತು. ಆ ಟಕ್ ಟಕ್ ಕೂಡ. ಅದನ್ಯಾಕೆ ಹೊಡೆದ್ರಿ?”

“ಹಾಡಲ್ಲೇ ಇದೆಯಲ್ಲ.”

“ಹಾಡಲ್ಲೆಲ್ಲಿದೆ? ಅಲ್ಲಿ ಅವನ ಕಿರುಬೆರಳು ಎಟುಕಲ್ಲ. ಗಿಟಾರ್ ಹಿಡಿದಾಗಿಂದ ಆ ಜಾಗದಲ್ಲಿ ಹಂಗೇ ತಟ್ಟಿ ದಾಟಿಸ್ಕೋತಾನೆ.”

ಹೊಟ್ಟೆ ಉರಿಯುತ್ತಿದ್ದವನಿಗೆ ಈಗ ಮೈಯೆಲ್ಲ ಉರಿಯಿತು. ಕದ್ದದ್ದೇನೋ ಕದ್ದ, ಅವನ ಕೈಲಾಗದ್ದನ್ನೂ ಹೊತ್ತುಕೊಂಡು ಬಂದಿದ್ದ!

“ಅಲ್ಲೇ ನಿಂತಿರು,” ಎಂದು ಮತ್ತೆ ಶುರುಮಾಡಿದ. ಆ ಜಾಗ ಬಂತು. ತಟ್ಟಲಿಲ್ಲ. ಕಿರುಬೆರಳನ್ನು ಚಾಚಿ ಒತ್ತಿದ. ತಂತಿ ಕುಂಯ್ ಎಂದು ನರಳಿತು. ಇನ್ನೊಮ್ಮೆ ಚಾಚಿದ. ಮತ್ತೆ ಕುಂಯ್.

ಅಷ್ಟರಲ್ಲಿ ಬಾಮೈದ ಒಳಗೆ ಬಂದ. “ಅರೆ, ಭಾವ! ಯಾವಾಗ ಕಲಿತ್ರಿ? ಅಲ್ಲಿ ಒದ್ದಾಡ್ಬೇಡಿ, ಸುಮ್ನೆ ಎರಡು ತಟ್ಟಿ ಮುಂದಕ್ಕೆ ಹೋಗಿ.”

“ತಟ್ಟೋದೆಲ್ಲ ನಿನಗೇ ಇರಲಿ,” ಅಂದ ಯಜಮಾನ.

ಬಾಮೈದ ಬೆಂಚಿನ ತುದಿಯಲ್ಲಿ ಕೂತು ಟೀ ಲೋಟಕ್ಕೆ ಕೈ ಚಾಚಿದ. ಅಕ್ಕ ನೋಡಲಿಲ್ಲ. ಲೋಟ ಹಿಡಿದುಕೊಂಡೇ ಬಾಗಿಲಿಗೆ ತಲೆಯಾನಿಸಿ, “ಇನ್ನೊಂದ್ಸಲ ನುಡಿಸಿ, ನೋಡೋಣ,” ಎಂದಳು ಗಂಡನಿಗೆ.

ಚಾಚಿದ ಕೈ ಹಿಂದಕ್ಕೆ ಬಂತು. ಬಾಮೈದನ ಮುಖ ಹುಳ್ಳಗಾಯಿತು. ಯಜಮಾನ ಅದನ್ನು ಕನ್ನಡಿಯಲ್ಲಿ ಕಣ್ತುಂಬ ನೋಡಿ, ಕಿರುಬೆರಳು ಚಾಚಿದ.