ಹಿಡಿದ ಬ್ರೇಕಿಗೆ ಕುಳ್ಳಿನ ಕಾವು

೧೯೪೬ರ ಬೇಸಿಗೆಯಲ್ಲಿ, ಚಿಂಚೋಳಿಯ ನಮ್ಮ ಮನೆಯ ಕಾರಿನ ಹಿಂದಿನ ಗಾಲಿಯೊಂದು ತಿರುಗಲಿಲ್ಲ. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಅಪ್ಪ ಅದನ್ನು ಹ್ಯಾಂಡ್‌ಬ್ರೇಕ್ ಎಳೆದೇ ನಾಲ್ಕು ವರ್ಷ ನಿಲ್ಲಿಸಿದ್ದರು. ಈಗ ಪೆಟ್ರೋಲ್ ಸಿಕ್ಕಿ ಎಂಜಿನ್ ಓಡಿದರೂ, ಬ್ರೇಕು ಗಾಲಿಯ ಡ್ರಮ್ಮಿನೊಳಗೆ ತುಕ್ಕು ಹಿಡಿದು ಅಂಟಿಕೊಂಡಿತ್ತು. ಸೊಂಟ ಮುರಿದ ಅಜ್ಜಿಯನ್ನು ಹೈದರಾಬಾದಿನ ಆಸ್ಪತ್ರೆಗೆ ಸೇರಿಸಲು ಸೇಡಂ ರೈಲ್ವೆ ಸ್ಟೇಷನ್ನಿಗೆ ಒಯ್ಯಬೇಕಿತ್ತು. ಎತ್ತಿನ ಬಂಡಿಯ ಕುಲುಕಾಟವನ್ನು ಅವಳು ತಾಳುತ್ತಿರಲಿಲ್ಲ.

ಅಪ್ಪ ಸುತ್ತಿಗೆ ಎತ್ತಿದರು. ನೆರವಿಗೆ ಕರೆಸಿದ್ದ, ಬಂಡಿಗಾಲಿಗೆ ಕಬ್ಬಿಣದ ಪಟ್ಟಿ ಹಾಕುವ ಊರ ಕಮ್ಮಾರ ತಡೆದ.

"ಬಡೀಬ್ಯಾಡ್ರಿ ವಕೀಲ್‌ಸಾಬ್. ಬೀಡು ಕಬ್ಬಿಣ ಅದ, ಒಡೀತದ."

"ಇದು ಮೋಟಾರಪ್ಪ, ನಿನ್ನ ಬಂಡಿ ಅಲ್ಲ."

"ಕಬ್ಬಿಣಕ್ಕ ಅದೇನ್ ಗೊತ್ತದರಿ?"

ಅಪ್ಪ ಸುತ್ತಿಗೆ ಕೆಳಗಿಟ್ಟರು. ಅವನೂ ನಾನೂ ಗಾಲಿ ಬಿಚ್ಚಿದೆವು. ಬಂಡಿಗಾಲಿಯ ಪಟ್ಟಿಯನ್ನು ಹಿಗ್ಗಿಸಲು ಕಾಯಿಸುವಂತೆಯೇ ಅವನು ಡ್ರಮ್ಮಿಗೆ ಸಗಣಿ ಕುಳ್ಳಿನ ಕೆಂಡದ ಕಾವು ಕೊಟ್ಟ. ಡ್ರಮ್ಮು ಹಿಗ್ಗಿತು, ಕಟ್ಟಿಗೆಯ ಕೊಡತಿಯಿಂದ ಮೆಲ್ಲಗೆ ತಟ್ಟಿದಾಗ ಒಡೆಯದೆ ಕಳಚಿತು. ತುಕ್ಕು ಉಜ್ಜಿ ಮತ್ತೆ ಜೋಡಿಸಿದೆವು.

ಮರುದಿನ ಅಜ್ಜಿ ಹಿಂದಿನ ಸೀಟಿನಲ್ಲಿ ಮಲಗಿ ಸೇಡಂ ತಲುಪಿದಳು; ಅವಳನ್ನು ಎತ್ತಿ ಹೈದರಾಬಾದಿನ ರೈಲಿಗೆ ಹತ್ತಿಸಿದೆವು.