ಒಂಬತ್ತನೆಯ ಫೋಟೋ

ಗೆಳೆಯರೇ, ತರೀಕೆರೆಯಲ್ಲಿ ಸ್ಟುಡಿಯೋ ಇಟ್ಟ ತಪ್ಪಿಗೆ ಇವತ್ತು ಮಧ್ಯಾಹ್ನವೆಲ್ಲ ಒಂದೇ ಮುಖ ನೋಡುತ್ತಾ ಕಳೆದೆ. ಅಮೃತಾಪುರದ ಹುಡುಗಿ, ಬಿ.ಕಾಂ. ಕೊನೆಯ ವರ್ಷ. ಬ್ಯಾಂಕ್ ಕೆಲಸದ ಅರ್ಜಿಗೆ ಇವತ್ತೇ ಕೊನೆಯ ದಿನ. ಪಾಸ್‌ಪೋರ್ಟ್ ಫೋಟೋ ಎಂಟು ಸಲ ತೆಗೆಸಿ ಎಂಟನ್ನೂ ಬೇಡವೆಂದಳು.

"ಇದ್ರಲ್ಲಿ ಹೆದ್ರಿದಂಗೆ ಕಾಣ್ತೀನಣ್ಣ. ಅದ್ರಲ್ಲಿ ನಗು ಜಾಸ್ತಿ ಆಯ್ತು."

"ತಾಯಿ, ಕೆಲ್ಸ ಕೊಡೋರು ನಿನ್ನ ನಗು ಅಳೀತಾರಾ?"

"ಅಳೆದ್ರೆ ಏನ್ಮಾಡ್ಲಿ?"

ಒಂಬತ್ತನೆಯದಕ್ಕೆ ಅರೆಮನಸ್ಸಿನಿಂದ ಒಪ್ಪಿದಳು. ಅಪ್‌ಲೋಡ್ ಮಾಡಲು ಹೋದರೆ ವೆಬ್‌ಸೈಟ್ ಫೈಲ್ ದೊಡ್ಡದಾಯಿತು ಎಂದಿತು. ಇಪ್ಪತ್ತು ಕೆಬಿಗೆ ಇಳಿಸಿದೆ. ಕಣ್ಣು, ಮೂಗು, ಬಾಯಿ ಎಲ್ಲ ಕಲಸಿಹೋದವು.

ಅವಳು ಸ್ಕ್ರೀನಿಗೆ ಬಗ್ಗಿ ನೋಡಿ, ಮೊದಲ ಸಲ ನಿರಾಳವಾಗಿ ಉಸಿರು ಬಿಟ್ಟಳು. "ಈಗ ಸರ್ಯಾಗೈತಣ್ಣ. ಒಂದ್ ತಪ್ಪೂ ಕಾಣಲ್ಲ."

ಅವಳೂ ಕಾಣುತ್ತಿರಲಿಲ್ಲ. ಅದನ್ನು ಹೇಳಿ ಹತ್ತನೆಯದು ತೆಗೆಯುವ ತ್ರಾಣ ನನಗಿರಲಿಲ್ಲ.