ಅರ್ಧ ಲೋಟ ಡಿಕಾಫ್

ನಾನು ಈಗ ದಿನಾ ಕುಡಿಯುತ್ತಿರುವುದನ್ನು ಚಹಾ ಎಂದು ಕರೆಯಲು ನನ್ನ ನಾಲಿಗೆ ಒಪ್ಪುವುದಿಲ್ಲ. ಡಬ್ಬಿಯ ಮೇಲೆ ಹಾಗಂತ ಬರೆದಿದೆ, ಅಷ್ಟೆ. ಡಿಕಾಫ್ ಬ್ಲ್ಯಾಕ್ ಟೀ. ಹಾಲು ಹಾಕಬಾರದು, ಸಕ್ಕರೆಯೂ ಬೇಡವಂತೆ. ಸಾಲದ್ದಕ್ಕೆ, ಕುಡಿದವರನ್ನು ಎಬ್ಬಿಸಿ ಕೂರಿಸುವ ಕೆಫೀನನ್ನೂ ಕಾರ್ಖಾನೆಯಲ್ಲೇ ತೆಗೆದಿರುತ್ತಾರೆ. ಇಷ್ಟೆಲ್ಲ ತೆಗೆದವರು ಆ ಎಲೆಯನ್ನೂ ತೆಗೆದುಬಿಟ್ಟಿದ್ದರೆ ಹಾಯಾಗಿ ಬಿಸಿನೀರು ಕುಡಿದುಕೊಂಡಿರುತ್ತಿದ್ದೆ.

ಬಣ್ಣಕ್ಕೇನೂ ಕೊರತೆಯಿಲ್ಲ. ಸಂಡೂರಿನ ಅದಿರು ಲಾರಿ ತೊಳೆದ ನೀರಿನ ಹಾಗೆ ಕೆಂಪಗೆ ಕಾಣುತ್ತದೆ. ನಂಬಿ ಬಾಯಿಗಿಟ್ಟರೆ ಮೊದಲು ಬಿಸಿ ಹತ್ತುತ್ತದೆ, ಆಮೇಲೆ ಒದ್ದೆ ರಟ್ಟಿನ ವಾಸನೆ ಬರುತ್ತದೆ, ಆಮೇಲೆ ಏನೂ ಇಲ್ಲ. ಚಹಾದ ಕಹಿಯಲ್ಲಿ ಒಂದು ಪಾಲು ಕೆಫೀನಿನದೇ ಎಂದು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಮೊನ್ನೆ ವಿವರಿಸಿದರು. ಹಾಗಾದರೆ ತೆಗೆದ ಕೆಫೀನು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಅವರು ಗಂಟೆ ಹೊಡೆಯಿತೆಂದು ಕ್ಲಾಸಿಗೆ ಎದ್ದು ಹೋದರು. ಎಲ್ಲೋ ಒಬ್ಬ ಪುಣ್ಯವಂತ ನನ್ನ ಪಾಲಿನದನ್ನೂ ಕುಡಿದು ಕಣ್ಣರಳಿಸಿಕೊಂಡು ಕೂತಿರಬೇಕು.

ನಮ್ಮ ಹೊಸಪೇಟೆ ಕಡೆ ಹಾಲಿಲ್ಲದ ಚಹಾ ಮಾಡುವುದು ಎರಡೇ ಹೊತ್ತಿನಲ್ಲಿ. ಹಾಲು ಒಡೆದಾಗ, ಇಲ್ಲವೇ ಹೊಟ್ಟೆ ಕೆಟ್ಟಾಗ. ನನಗೆ ಕೆಟ್ಟದ್ದು ಹೊಟ್ಟೆಯಲ್ಲ, ಬುದ್ಧಿ. ಅದನ್ನು ಹೇಳಿಯೇ ಬಿಡುತ್ತೇನೆ.

ನಾನು ಕಡ್ಡಿರಾಂಪುರದ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಶಾಂತಕ್ಕ ಅಲ್ಲೇ ಗಣಿತದ ಟೀಚರು, ನನಗಿಂತ ಎಂಟು ವರ್ಷ ಹಿರಿಯರು. ಹದಿನಾರು ವರ್ಷದಿಂದ ಇಬ್ಬರೂ ಒಂದೇ ಬಸ್ಸಿಗೆ ಬಂದು, ಬಿಡುವಿನಲ್ಲಿ ಎದುರಿನ ಗಂಗವ್ವನ ಹೋಟೆಲಿನಲ್ಲಿ ಬೈಟೂ ಚಹಾ ಕುಡಿಯುತ್ತಿದ್ದೆವು. ಒಂದೇ ಚಹಾವನ್ನು ಎರಡು ಲೋಟಕ್ಕೆ ಹಂಚಿದರೆ ಅದು ಬೈಟೂ. ನಮ್ಮ ಕಡೆ ಜಗಳವಾಡಿದವರು ಕ್ಷಮೆ ಗಿಮೆ ಅಂತ ಬಾಯಿಬಿಟ್ಟು ಕೇಳುವುದಿಲ್ಲ. ಬೈಟೂ ಹೇಳುತ್ತಾರೆ. ಎದುರಿನವರು ಲೋಟ ಎತ್ತಿಕೊಂಡರೆ ಜಗಳ ಮುಗಿಯಿತು. ಒಲ್ಲೆ ಅಂದರೆ ಮುಗಿದಿಲ್ಲ ಎಂದೇ ಅರ್ಥ.

ಕಳೆದ ತಿಂಗಳು ತಪಾಸಣೆಗೆ ಬಂದ ಅಧಿಕಾರಿಗಳ ಎದುರಿಗೆ, ಬೋರ್ಡಿನ ಮೇಲೆ ಶಾಂತಕ್ಕ ಬಿಡಿಸಿದ ಲೆಕ್ಕ ತಪ್ಪು ಎಂದು ನಾನು ಬಾಯಿ ಹಾಕಿದೆ. ಸಂಧಿ ಸಮಾಸ ಬಿಡಿಸಿಕೊಂಡಿರಬೇಕಾದವಳಿಗೆ ಊರ ಉಸಾಬರಿ ಯಾಕೆ ಬೇಕಿತ್ತು? ಶಾಂತಕ್ಕನ ಮುಖ ಸಣ್ಣದಾಯಿತು. ಮನೆಗೆ ಬಂದು ಅದೇ ಲೆಕ್ಕ ಮಾಡಿ ನೋಡಿದರೆ ಅವರದೇ ಸರಿ. ಮರುದಿನ ಹೇಳೋಣ ಅಂದುಕೊಂಡೆ. ಮರುದಿನ ಅವರು ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಿದ್ದರು. ನನಗೂ ಬಿಂಕ ಬಂತು.

ಅಂದಿನಿಂದ ಇಬ್ಬರೂ ಬೇರೆ ಬೇರೆ ಬೆಂಚಿನಲ್ಲಿ ಕೂತು ಒಂದೊಂದು ಪೂರ್ತಿ ಚಹಾ ಕುಡಿಯತೊಡಗಿದೆವು. ಮಾತಿಲ್ಲದ ಬೇಸರಕ್ಕೆ ನಾನು ಇನ್ನೊಂದು ಹೇಳುತ್ತಿದ್ದೆ. ಮನೆಯಲ್ಲಿ ಮತ್ತೆ ಮೂರು. ಹತ್ತನೇ ದಿನಕ್ಕೆ ಎದೆ ಡವಡವ ಹೊಡೆದುಕೊಂಡು ನಿದ್ದೆಯೇ ಇಲ್ಲವಾಯಿತು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ಹೃದಯಕ್ಕೇನೂ ಆಗಿಲ್ಲ, ಒಂದು ತಿಂಗಳು ಚಹಾ ಕಾಫಿ ಬಿಡಿ" ಅಂದರು.

ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿ ಗಂಗವ್ವನಿಗೊಬ್ಬಳಿಗೆ ಹೇಳಿದೆ. ಹಂಪಿ ನೋಡಲು ಬರುವವರಿಗೆ ಅವಳು ಹೋಟೆಲಿನ ಹಿಂದೆ ಎರಡು ಕೋಣೆ ಬಾಡಿಗೆಗೆ ಕೊಡುತ್ತಾಳೆ. ಅಲ್ಲಿ ಯಾರೋ ಬಿಟ್ಟುಹೋದ ಡಬ್ಬಿಯನ್ನು ತಂದುಕೊಟ್ಟಳು.

"ಇದರಾಗ ಅದೇನೋ ತಗದಿರ್ತಾರಂತ್ರೀ ಟೀಚರ. ಎಮ್ಮಿ ಮುಸುರ್ಯಾಗ ಎರಡು ಚೀಲ ಹಾಕಿದ್ನಿ. ಎಮ್ಮೀನೂ ಮೂಸಿ ನೋಡಿ ಮಾರಿ ತಿರುವ್ತು."

ಮೊದಲ ದಿನ ಡಬ್ಬಿಯೊಳಗಿನ ಒಂದು ಪುಟ್ಟ ಚಹಾ ಚೀಲವನ್ನು ದಾರದ ಸಮೇತ ಕಾಲುಗಂಟೆ ಕುದಿಸಿದಳು, ಕಡಕ್ ಆಗಲಿ ಎಂದು. ಶುಂಠಿಯನ್ನೂ ಜಜ್ಜಿ ಹಾಕಿದಳು. ಶುಂಠಿ ರುಚಿಯಾಗಿತ್ತು.

ಅದೇ ವಾರ ಶಾಂತಕ್ಕ ತಾವಾಗಿಯೇ ನನ್ನ ಬೆಂಚಿಗೆ ಬಂದು ಕೂತರು. ತಪ್ಪು ನನ್ನದು, ಬಂದವರು ಅವರು. "ಗಂಗವ್ವಾ, ಒಂದು ಬೈಟೂ ಕೊಡು" ಅಂದರು. ನನ್ನ ಎದೆ ಕೆಫೀನಿಲ್ಲದೆಯೇ ಹೊಡೆದುಕೊಂಡಿತು. ರೋಗಿ ಅನ್ನಿಸಿಕೊಳ್ಳಲು ನಾಚಿಕೆಯಾಗಿ, "ನನಗ ಬ್ಯಾಡ್ರಿ ಅಕ್ಕ, ನಂದು ಬ್ಯಾರೆ ಐತಿ" ಅಂದುಬಿಟ್ಟೆ. ಶಾಂತಕ್ಕ ಎದ್ದು ಹೋದರು. ಇಬ್ಬರಿಗೆಂದು ಹಂಚಿದ ಚಹಾ ಹಾಗೇ ಕೆನೆಗಟ್ಟಿತು. ಅಂದು ನಾನು ಕುಡಿದ ಡಿಕಾಫ್‌ನಷ್ಟು ಕೆಟ್ಟದ್ದನ್ನು ಜನ್ಮದಲ್ಲಿ ಕುಡಿದಿಲ್ಲ. ಹದಿನಾರು ವರ್ಷದ ಸ್ನೇಹ ಈ ಕೆಂಪು ನೀರಿಗೆ ಹೋಯಿತಲ್ಲ ಎಂದು ಅಳು ಬಂತು.

ಮರುದಿನ ನಾನೇ ಲೋಟ ಹಿಡಿದುಕೊಂಡು ಅವರ ಬೆಂಚಿಗೆ ಹೋದೆ.

"ಆ ಲೆಕ್ಕ ನಿಮ್ದ ಸರಿ ಇತ್ರಿ ಅಕ್ಕ."

"ಗೊತ್ತೈತಿ. ಮೂವತ್ತು ವರ್ಷ ಅದನ್ನ ಕಲಿಸೀನಿ. ನಿನ್ನಿ ಚಾ ಯಾಕ ಒಲ್ಲೆ ಅಂದಿ, ಅದನ್ನ ಹೇಳು."

ನಾನು ಬಾಯಿ ತೆರೆಯುವ ಮೊದಲೇ ಒಲೆಯ ಮುಂದಿದ್ದ ಗಂಗವ್ವ ಆಣೆ ಮುರಿದಳು. "ಅವರಿಗೆ ಎದಿ ಬಡಕೊಳ್ತಿತ್ತಂತ್ರಿ! ಡಾಕ್ಟ್ರು ಚಾ ಬಿಡಂದಾರ. ನಿಮಗ ಹೇಳಾಕ ನಾಚಿಕಿ!"

 ಶಾಂತಕ್ಕ ನನ್ನ ಕೈಯಿಂದ ಲೋಟ ಕಿತ್ತುಕೊಂಡು ಒಂದು ಗುಟುಕು ಕುಡಿದರು. ಹಾಗಲಕಾಯಿ ಕಚ್ಚಿದರೂ ಮುಖ ಹಿಂಡದವರು ಕಣ್ಣು ಮುಚ್ಚಿ ಕಷ್ಟಪಟ್ಟು ನುಂಗಿದರು.

"ಇಂಥಾದನ್ನ ಪೂರಾ ನೀ ಒಬ್ಬಾಕೀನ ಕುಡೀತಿದ್ದೇನ? ಗಂಗವ್ವಾ, ಇನ್ನೊಂದು ಲೋಟ ತಾ. ಬೈಟೂ ಮಾಡು."

ತಿಂಗಳು ಮುಗಿಯಲು ಇನ್ನೂ ಹನ್ನೊಂದು ದಿನ ಇದೆ. ರುಚಿ ಒಂದು ಗುಲಗಂಜಿಯಷ್ಟೂ ಸುಧಾರಿಸಿಲ್ಲ. ಆದರೆ ಈಗ ನಾನು ಅರ್ಧ ಲೋಟವನ್ನಷ್ಟೇ ಬೈದರೆ ಸಾಕು. ಉಳಿದರ್ಧವನ್ನು ಶಾಂತಕ್ಕ ಬೈಯುತ್ತಾರೆ.